ಉದ್ದದ ಇಂಗ್ಲಿಷ್ ಪದದ ಮುಂದೆ ಓದು ನಿಂತರೆ: ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ವಿದ್ಯಾರ್ಥಿಗಳಿಗೆ ಸಂಜೆಯ ವೇಳೆ ಇಂಗ್ಲಿಷ್ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ಕಂಡ ತೊಂದರೆಯೊಂದಿದೆ. ಸಣ್ಣ ಪದಗಳನ್ನು ಸಲೀಸಾಗಿ ಓದಿಕೊಂಡು ಹೋಗುವವರು ಹತ್ತು-ಹನ್ನೆರಡು ಲೆಟರುಗಳ ಪದ ಎದುರಾದೊಡನೆ ಗಕ್ಕನೆ ನಿಲ್ಲುತ್ತಾರೆ. ಐದನೆಯ, ಆರನೆಯ ತರಗತಿಯ ಮಕ್ಕಳಲ್ಲಿಯೂ ಈ ತೊಂದರೆ ಇರುತ್ತದೆ. ಅಲ್ಲಿನ ಪಾಠಗಳಲ್ಲಿ ಪದಗಳು ಚಿಕ್ಕವಾದ್ದರಿಂದ ಅದು ಹೊರಗೆ ಕಾಣುವುದಿಲ್ಲ. ನಿಲ್ಲುವುದು ಎಲ್ಲರದೂ ಒಂದೇ ರೀತಿಯಾದರೂ ಅದರ ಕಾರಣ ಒಬ್ಬೊಬ್ಬರಲ್ಲಿ ಒಂದೊಂದು. ಆದ್ದರಿಂದ ‘ಇನ್ನೂ ಹತ್ತು ಸಲ ಓದು’ ಎನ್ನುವ ಮೊದಲು, ಓದುವವರು ಯಾವ ಜಾಗದಲ್ಲಿ, ಯಾವ ಬಗೆಯಲ್ಲಿ ತಪ್ಪುತ್ತಿದ್ದಾರೆ ಎಂಬುದನ್ನು ತಂದೆತಾಯಿಯರೂ ಶಿಕ್ಷಕರೂ ಸುಮ್ಮನೆ ಕುಳಿತು ಕೇಳಿಸಿಕೊಳ್ಳಬೇಕು.

ಈ ಬರಹದಲ್ಲಿ ಇಂಗ್ಲಿಷ್ ಲಿಪಿಯ ಗುರುತುಗಳನ್ನು ‘ಲೆಟರ್’ ಎಂದೂ, ಕನ್ನಡದವುಗಳನ್ನು ‘ಅಕ್ಷರ’ ಎಂದೂ, ಒಂದೇ ಉಸಿರಿನ ತಟ್ಟಿನಲ್ಲಿ ಹೊರಡುವ ಪದದ ತುಂಡನ್ನು ತರಗತಿಗಳಲ್ಲಿ ರೂಢಿಯಿರುವಂತೆ ‘ಸಿಲಬಲ್’ ಎಂದೂ ಕರೆದಿದ್ದೇನೆ. ಲೆಟರುಗಳನ್ನು ಹೆಸರಿನಿಂದ ಬರೆದು, ಕತ್ತರಿಸುವ ಜಾಗದಲ್ಲಿ ಓರೆಗೆರೆ ಹಾಕಿದ್ದೇನೆ. ಪಕ್ಕದಲ್ಲೊಂದು ಸ್ಲೇಟು ಇಟ್ಟುಕೊಂಡು ಆ ಪದಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತ ಓದಿದರೆ ವಿಷಯ ಬೇಗ ಕೈಗೆ ಹತ್ತುತ್ತದೆ.

ಎಲ್ಲಕ್ಕಿಂತ ಮೊದಲು: ಖರ್ಚಿಲ್ಲದ ಮೂರು ಪರೀಕ್ಷೆಗಳು

ಮಗು ಎಡವಿದ ಪದವನ್ನು ನೀವೇ ಸ್ಪಷ್ಟವಾಗಿ ಹೇಳಿ, ಪುಸ್ತಕ ನೋಡದೆ ತಿರುಗಿ ಹೇಳಲು ತಿಳಿಸಿ. ಕೇಳಿದ್ದನ್ನು ಸರಿಯಾಗಿ ಹೇಳಿದರೆ ನಾಲಿಗೆಗೂ ಕಿವಿಗೂ ತೊಂದರೆಯಿಲ್ಲ, ತೊಡಕಿರುವುದು ಅಚ್ಚಿನಲ್ಲಿರುವುದನ್ನು ಬಿಡಿಸುವಲ್ಲಿ ಎಂದರ್ಥ. ಹೇಳಲಾಗದೆ ತುಂಡುಗಳನ್ನು ಅದಲುಬದಲು ಮಾಡಿದರೆ, ಓದಿಸುವುದನ್ನು ಕೆಲದಿನ ಬದಿಗಿಟ್ಟು ಕೇಳಿಸಿ ಹೇಳಿಸುವುದನ್ನು ಹೆಚ್ಚಿಸಬೇಕು.

ಎರಡನೆಯದಾಗಿ, ಅದೇ ಪದವನ್ನು ದೊಡ್ಡದಾಗಿ ಕಪ್ಪುಹಲಗೆಯ ಮೇಲೆ ಬರೆದು ಓದಿಸಿ. ಹಲಗೆಯ ಮೇಲೆ ಓದಬಲ್ಲ ಮಗು ಪುಸ್ತಕದಲ್ಲಿ ಓದಲಾರದಾದರೆ, ಅಥವಾ ಪುಸ್ತಕದಲ್ಲಿ ಓದುವ ಮಗು ಹಲಗೆಯನ್ನು ಓದಲಾರದಾದರೆ, ಮೊದಲು ಕಣ್ಣಿನ ತಪಾಸಣೆ ಮಾಡಿಸಬೇಕು. ಕನ್ನಡಕ ಬೇಕಾಗಿದ್ದ ಮಗುವಿಗೆ ವ್ಯಾಕರಣ ಹೇಳಿ ಫಲವಿಲ್ಲ.

ಮೂರನೆಯದಾಗಿ, ಕನ್ನಡದಲ್ಲಿ ‘ವಿದ್ಯಾರ್ಥಿನಿಲಯದಲ್ಲಿ’, ‘ಪ್ರಜಾಪ್ರಭುತ್ವ’ ಇಂತಹ ಉದ್ದದ ಪದಗಳನ್ನು ಓದಿಸಿ. ಇವು ತಡೆಯಿಲ್ಲದೆ ಬಂದರೆ ಮುಂದಿನ ವಿಭಾಗಗಳು ನಿಮಗಾಗಿಯೇ ಇವೆ. ಇಲ್ಲಿಯೂ ಅಷ್ಟೇ ಕಷ್ಟ ಕಂಡರೆ ನೇರವಾಗಿ ಕೊನೆಯ ವಿಭಾಗಕ್ಕೆ ಹೋಗಿ.

ಲಕ್ಷಣ: ಪದದ ತಲೆ ನೋಡಿ ಬಾಲವನ್ನು ಊಹಿಸುವುದು

‘ಕಾಂಪಿಟಿಷನ್’ ಎಂದಿರುವಲ್ಲಿ ‘ಕಂಪ್ಯೂಟರ್’ ಎಂದು ಓದುವುದು ಇದರ ಮಾದರಿ. ಮೊದಲ ನಾಲ್ಕು ಲೆಟರುಗಳು ಒಂದೇ ಆಗಿರುವುದರಿಂದ ಮನಸ್ಸು ತನಗೆ ಪರಿಚಯವಿರುವ ಪದಕ್ಕೆ ಹಾರುತ್ತದೆ. ಇದನ್ನು ಸೋಮಾರಿತನ ಎನ್ನಬಾರದು. ಕಣ್ಣಿಗೆ ಪದದ ಕೊನೆಯವರೆಗೆ ನಡೆಯುವ ಅಭ್ಯಾಸವಾಗಿಲ್ಲ, ಅಷ್ಟೆ. ಒಂದು ದಪ್ಪ ಕಾಗದದ ಚೂರಿನಿಂದ ಪದವನ್ನು ಮುಚ್ಚಿ, ಎಡದಿಂದ ಬಲಕ್ಕೆ ತುಂಡುತುಂಡಾಗಿ ತೆರೆಯುತ್ತ ಓದಿಸಿ: ‘ಸಿ-ಓ-ಎಂ / ಪಿ-ಇ / ಟಿ-ಐ / ಟಿ-ಐ-ಓ-ಎನ್’. ಹೀಗೆ ತೆರೆದಾಗ ಸರಿಯಾಗಿ ಓದಿದರೆ ದೋಷ ಇಲ್ಲಿಗೇ ಮುಗಿಯಿತು; ಎರಡು ವಾರ ಕಾಗದದ ಚೂರು ಕೈಯಲ್ಲಿದ್ದರೆ ಸಾಕು. ತೆರೆದು ತೋರಿಸಿದರೂ ತುಂಡು ಓದಲಾಗದಿದ್ದರೆ ಮುಂದೆ ನೋಡಬೇಕು.

ಲಕ್ಷಣ: ಚಪ್ಪಾಳೆಯ ಎಣಿಕೆ ಹೆಚ್ಚಾಗುವುದು

ಪ್ರತಿ ಸಿಲಬಲ್ಲಿಗೂ ಒಂದು ಚಪ್ಪಾಳೆ ತಟ್ಟಿಸುವುದು ಹಳೆಯ ಕ್ರಮ. ನಮ್ಮ ಮಕ್ಕಳು ‘ಬಸ್’ ಎಂಬುದಕ್ಕೆ ಎರಡು ಚಪ್ಪಾಳೆ ತಟ್ಟುವುದುಂಟು. ಅವರ ಕಿವಿ ಕೆಟ್ಟಿಲ್ಲ. ಮನೆಯಲ್ಲಿ ಅದು ‘ಬಸ್ಸು’. ಅದರಲ್ಲಿ ನಿಜವಾಗಿಯೂ ಎರಡಿವೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿಸಿ ‘ಪೆನ್ನು’, ‘ಕಾರು’, ‘ಟೇಬಲ್ಲು’ ಎನ್ನುವುದು ಕನ್ನಡದ ಜಾಯಮಾನ, ‘ಫಿಲ್ಮ್’ ಎಂಬ ಒಂದೇ ಸಿಲಬಲ್ಲಿನ ಪದ ‘ಫಿಲಂ’ ಆಗಿ ಎರಡಾಗುವುದೂ ಇದೇ ದಾರಿಯಲ್ಲಿ. ಮಗುವಿನ ಗಲ್ಲದ ಕೆಳಗೆ ಅದರದೇ ಅಂಗೈ ಇಡಿಸಿ ನಿಧಾನವಾಗಿ ಪದ ಹೇಳಿಸಿ: ಸ್ವರ ಬಂದಾಗಲೆಲ್ಲ ದವಡೆ ಇಳಿದು ಕೈಗೆ ತಾಗುತ್ತದೆ. ಎಷ್ಟು ಸಲ ತಾಗಿತೋ ಅಷ್ಟು ಸಿಲಬಲ್. ಮನೆಮಾತಿನ ರೂಪವನ್ನು ‘ತಪ್ಪು’ ಎಂದು ತಿದ್ದದೆ, ‘ಮನೆಯಲ್ಲಿ ಬಸ್ಸು, ಪುಸ್ತಕದಲ್ಲಿ ಬಸ್’ ಎಂದು ಎರಡನ್ನೂ ಉಳಿಸಿಕೊಳ್ಳುವುದು ಒಳ್ಳೆಯದು.

ಎಣಿಕೆಗೆ ಕಿವಿಯೇ ಪ್ರಮಾಣ, ಲೆಟರಲ್ಲ. ‘ಎ, ಇ, ಐ, ಓ, ಯು’ ಎಷ್ಟಿವೆ ಎಂದು ಎಣಿಸಿದರೆ ‘ಕಂಪ್ಲೀಟ್’ ಪದದಲ್ಲಿ ಮೂರು ಸಿಗುತ್ತವೆ. ಕೊನೆಯ ‘ಇ’ ಮೌನವಾಗಿರುವುದರಿಂದ ಸಿಲಬಲ್ ಎರಡೇ. ‘ವೈ’ ಎಂಬ ಲೆಟರು ‘ಸಿಸ್ಟಮ್’, ‘ಬೇಬಿ’ ಪದಗಳಲ್ಲಿ ಸ್ವರದ ಕೆಲಸ ಮಾಡುತ್ತದೆ ಎಂಬುದನ್ನೂ ನೆನಪಿಡಬೇಕು.

ಲಕ್ಷಣ: ವ್ಯಂಜನವನ್ನೆಲ್ಲ ಮುಂದಿನ ತುಂಡಿಗೆ ತಳ್ಳುವುದು

ಕನ್ನಡಿಗ ಮಕ್ಕಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದು, ಮತ್ತು ಇದನ್ನು ಗುರುತಿಸದೆ ಹೋದರೆ ಉಳಿದ ಯಾವ ಅಭ್ಯಾಸವೂ ನೆಲೆಗೊಳ್ಳುವುದಿಲ್ಲ. ‘ನ್ಯಾಪ್‌ಕಿನ್’ ಎಂಬ ಪದವನ್ನು ಮಗು ‘ಎನ್-ಎ / ಪಿ-ಕೆ-ಐ-ಎನ್’ ಎಂದು ಕತ್ತರಿಸಿ ‘ನೇ-ಪ್ಕಿನ್’ ಎನ್ನುತ್ತದೆ. ‘ಬಾಸ್ಕೆಟ್’ ಪದ ‘ಬೇ-ಸ್ಕೆಟ್’ ಆಗುತ್ತದೆ. ಕನ್ನಡ ಲಿಪಿಯಲ್ಲಿ ಎರಡು ವ್ಯಂಜನ ಸೇರಿದರೆ ಅವು ಒತ್ತಕ್ಷರವಾಗಿ ಒಂದೇ ಅಕ್ಷರದಲ್ಲಿ ಕೂರುತ್ತವೆ. ‘ಪುಸ್ತಕ’ವನ್ನು ಬಿಡಿಸಿ ಬರೆಯೆಂದರೆ ಯಾರಾದರೂ ‘ಪು-ಸ್ತ-ಕ’ ಎಂದೇ ಬರೆಯುತ್ತಾರೆ. ಮಗು ತನ್ನ ಲಿಪಿ ಕಲಿಸಿದ ಕೀಲಿನಲ್ಲಿಯೇ ಇಂಗ್ಲಿಷನ್ನೂ ಕತ್ತರಿಸುತ್ತಿದೆ. ಆದರೆ ಇಂಗ್ಲಿಷಿನಲ್ಲಿ ಸ್ವರದ ಲೆಟರಿಗೆ ಬಾಗಿಲು ತೆರೆದೇ ಇದ್ದರೆ ಅದು ಸಾಮಾನ್ಯವಾಗಿ ತನ್ನ ಉದ್ದನೆಯ ಹೆಸರನ್ನು ಹೇಳುತ್ತದೆ. ಅದೇ ತುಂಡಿನಲ್ಲಿ ಸ್ವರದ ನಂತರ ವ್ಯಂಜನವೊಂದು ಬಂದು ಬಾಗಿಲು ಮುಚ್ಚಿದರೆ ಗಿಡ್ಡವಾಗುತ್ತದೆ. ಕತ್ತರಿ ಒಂದು ಲೆಟರಿನಷ್ಟು ಜರುಗಿದರೆ ಇಡೀ ಉಚ್ಚಾರಣೆ ಕೆಡುವುದು ಅದಕ್ಕಾಗಿಯೇ.

ಇದಕ್ಕೆ ಮದ್ದು ಕನ್ನಡ ಛಂದಸ್ಸಿನಲ್ಲಿಯೇ ಇದೆ. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಲು ಕಲಿತ ಯಾವ ಹುಡುಗನನ್ನಾದರೂ ಕೇಳಿ: ‘ಪುಸ್ತಕ’ದಲ್ಲಿ ‘ಪು’ ಹ್ರಸ್ವವಾದರೂ ಗುರುವೇಕೆ? ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಥಟ್ಟನೆ ಹೇಳುತ್ತಾನೆ. ಹಾಗೇಕೆ ಎಂದರೆ, ಬರಹದಲ್ಲಿ ‘ಸ್ತ’ ಒಂದಾಗಿ ಕಂಡರೂ ಬಾಯಲ್ಲಿ ‘ಸ್’ ಹಿಂದಿನ ಅಕ್ಷರಕ್ಕೆ ಅಂಟಿಕೊಂಡು ‘ಪುಸ್-ತ-ಕ’ ಎಂದೇ ನುಡಿಯುತ್ತದೆ. ಕಣ್ಣು ‘ಪು-ಸ್ತ-ಕ’ ಎಂದು ಕತ್ತರಿಸಿದರೂ ಕಿವಿ ‘ಪುಸ್-ತ-ಕ’ ಎಂದು ಕತ್ತರಿಸುತ್ತದೆ. ಇಂಗ್ಲಿಷಿಗೆ ಬೇಕಾದದ್ದು ಕಿವಿಯ ಕತ್ತರಿ. ‘ಎನ್-ಎ-ಪಿ / ಕೆ-ಐ-ಎನ್’, ‘ಬಿ-ಎ-ಎಸ್ / ಕೆ-ಇ-ಟಿ’ ಎಂದು ಎರಡು ವ್ಯಂಜನಗಳ ನಡುವೆ ಗೆರೆ ಎಳೆಯುವುದನ್ನು ಗುರು ಹಾಕುವ ಲೆಕ್ಕದಂತೆಯೇ ಕಲಿಸಿದರೆ ದೊಡ್ಡ ಮಕ್ಕಳಿಗೆ ಒಂದೇ ಸಂಜೆ ಸಾಕಾಗುತ್ತದೆ.

ಈ ತಪ್ಪು ನಮ್ಮ ಮಕ್ಕಳದಷ್ಟೇ ಅಲ್ಲ. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 1783ರಲ್ಲಿ ಕಾಗುಣಿತದ ಪುಸ್ತಕ ಹೊರತಂದಾಗ, ಅದುವರೆಗೆ ಬಳಕೆಯಲ್ಲಿದ್ದ ಪಠ್ಯವು ‘ಕ್ಲಸ್ಟರ್’ ಪದವನ್ನು ‘ಸಿ-ಎಲ್-ಯು / ಎಸ್-ಟಿ-ಇ-ಆರ್’ ಎಂದು ಕತ್ತರಿಸುತ್ತದೆಂದೂ, ಅದನ್ನು ನೋಡಿದ ಮಗು ಮೊದಲ ಸ್ವರವನ್ನು ಎಳೆದು ಓದುತ್ತದೆಂದೂ ಆಕ್ಷೇಪಿಸಿ, ‘ಎಸ್’ ಅನ್ನು ಹಿಂದಿನ ತುಂಡಿಗೆ ಸೇರಿಸಬೇಕೆಂದು ವಾದಿಸಿದ್ದ. ಇಂಗ್ಲಿಷ್ ಮನೆಮಾತಾಗಿದ್ದವರಿಗೇ ಹೀಗೆ ತಿದ್ದಿ ಹೇಳಬೇಕಾಗಿ ಬಂದಿದ್ದ ವಿಷಯವಿದು.

ಮೂರು ವ್ಯಂಜನ ಒಟ್ಟಿಗೆ ಬಂದರೆ, ಯಾವ ಗುಂಪಿನಿಂದ ಇಂಗ್ಲಿಷ್ ಪದವೊಂದು ಆರಂಭವಾಗಬಲ್ಲದು ಎಂದು ಕೇಳಿಕೊಳ್ಳಬೇಕು. ‘ಎಸ್-ಟಿ’, ‘ಡಿ-ಆರ್’ ಇವುಗಳಿಂದ ಪದಗಳು ಆರಂಭವಾಗುತ್ತವೆ. ಹಾಗಾಗಿ ‘ಎಂ-ಓ-ಎನ್ / ಎಸ್-ಟಿ-ಇ-ಆರ್’, ‘ಎಚ್-ಯು-ಎನ್ / ಡಿ-ಆರ್-ಇ-ಡಿ’. ‘ಪಿ-ಕೆ’ಯಿಂದ ಯಾವ ಪದವೂ ಆರಂಭವಾಗುವುದಿಲ್ಲ, ಹಾಗಾಗಿ ‘ಪಿ-ಯು-ಎಂ-ಪಿ / ಕೆ-ಐ-ಎನ್’. ಎರಡೇ ವ್ಯಂಜನವಿದ್ದು ಎರಡನೆಯದು ‘ಆರ್’ ಅಥವಾ ‘ಎಲ್’ ಆಗಿದ್ದರೆ ಕೆಲವೊಮ್ಮೆ ಅವೆರಡೂ ಕೂಡಿಯೇ ಮುಂದೆ ಹೋಗುತ್ತವೆ: ‘ಸೀಕ್ರೆಟ್’ ಪದ ‘ಎಸ್-ಇ / ಸಿ-ಆರ್-ಇ-ಟಿ’. ‘ಟಿ-ಎಚ್’, ‘ಎಸ್-ಎಚ್’, ‘ಸಿ-ಎಚ್’, ‘ಪಿ-ಎಚ್’ ಒಂದೇ ಧ್ವನಿಗೆ ನಿಂತಾಗ ಅವುಗಳ ನಡುವೆ ಗೆರೆ ಎಳೆಯಬಾರದು.

ಲಕ್ಷಣ: ಒಂದೇ ವ್ಯಂಜನವಿರುವಲ್ಲಿ ಸ್ವರ ತಪ್ಪುವುದು

‘ರೋಬಾಟ್’ ಸರಿಯಾಗಿ ಓದಿದ ಮಗು ‘ಕ್ಯಾಬಿನ್’ ಪದವನ್ನು ‘ಕೇಬಿನ್’ ಎಂದರೆ ನಿಯಮ ಮರೆತಿದೆ ಎಂದು ತಿಳಿಯಬೇಡಿ. ನಿಯಮ ಪಾಲಿಸಿದ್ದರಿಂದಲೇ ತಪ್ಪಿದೆ. ‘ಆರ್-ಓ / ಬಿ-ಓ-ಟಿ’ ಎಂದು ವ್ಯಂಜನದ ಮುಂಚೆ ಕತ್ತರಿಸುವಂತೆ ‘ಸಿ-ಎ-ಬಿ / ಐ-ಎನ್’ ಎಂದು ವ್ಯಂಜನದ ಬಳಿಕ ಕತ್ತರಿಸಬೇಕಾದ ಪದಗಳೂ ಧಾರಾಳವಾಗಿವೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ನಿಯಮ ಹೇಳಿಕೊಡುವುದಕ್ಕಿಂತ ಎರಡೂ ಕಡೆ ಕತ್ತರಿಸಿ ನೋಡುವ ಧೈರ್ಯ ಕೊಡುವುದು ಮುಖ್ಯ: ಮೊದಲು ಒಂದು ರೀತಿ ಓದು, ಕೇಳಿದ ಪದದಂತೆ ಅನ್ನಿಸದಿದ್ದರೆ ಇನ್ನೊಂದು ರೀತಿ ಓದು. ಈ ಪರೀಕ್ಷೆ ಫಲಿಸಬೇಕಾದರೆ ಮಗು ಆ ಪದವನ್ನು ಮೊದಲು ಕಿವಿಯಿಂದ ಕೇಳಿರಬೇಕು. ಕೇಳಿಯೇ ಇರದ ಪದವನ್ನು ಕತ್ತರಿಸಿ ಓದಿಸಿ ‘ತಪ್ಪು’ ಎನ್ನುವುದು ನ್ಯಾಯವಲ್ಲ.

ಜೋಡಿ ಸ್ವರಗಳ ವಿಷಯವೂ ಹೀಗೆಯೇ. ‘ರೇನ್’ ಪದದ ‘ಎ-ಐ’ ಒಂದೇ ಧ್ವನಿ. ‘ಲಯನ್’ ಪದದ ‘ಐ-ಓ’ ಎರಡು. ಪದದ ಕೊನೆಯ ‘ಟಿ-ಐ-ಓ-ಎನ್’ ಮಾತ್ರ ಬಹುಮಟ್ಟಿಗೆ ಒಂದೇ ಸಿಲಬಲ್ಲಾಗಿ ‘ಷನ್’ ಎಂದಾಗುತ್ತದೆ. ‘ಟೇಬಲ್’, ‘ಕ್ಯಾಂಡಲ್’ ಮಾದರಿಯ ಪದಗಳಲ್ಲಿ ಕೊನೆಯ ಮೂರು ಲೆಟರು ಎಣಿಸಿ ಅದರ ಮುಂಚೆ ಗೆರೆ ಹಾಕಿದರೆ ಸಾಕು: ‘ಟಿ-ಎ / ಬಿ-ಎಲ್-ಇ’.

ಲಕ್ಷಣ: ತುಂಡುಗಳೆಲ್ಲ ಸರಿ, ಆದರೆ ಪದ ಗುರುತು ಹತ್ತುವುದಿಲ್ಲ

ಎಲ್ಲ ತುಂಡುಗಳನ್ನೂ ಸಮಸಮವಾಗಿ ಓದಿದ ಮೇಲೂ ‘ಇದು ಯಾವ ಪದ?’ ಎಂದು ಮಗು ಮುಖ ನೋಡಿದರೆ ತೊಂದರೆ ಇರುವುದು ಒತ್ತಿನಲ್ಲಿ, ಅಂದರೆ ಯಾವ ಸಿಲಬಲ್ಲನ್ನು ಒತ್ತಿ ನುಡಿಯಬೇಕು ಎಂಬುದರಲ್ಲಿ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪೂರ್ಣ ಸ್ವರ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಒಂದು ಸಿಲಬಲ್ ಉಬ್ಬಿ ನಿಂತು ಉಳಿದವು ಸೊರಗುತ್ತವೆ. ‘ಫೋಟೋಗ್ರಾಫ್’ ಪದದಲ್ಲಿ ಒತ್ತು ಮೊದಲ ಸಿಲಬಲ್ಲಿನ ಮೇಲೆ. ‘ಫೊಟಾಗ್ರಫರ್’ ಎಂದಾಗ ಎರಡನೆಯದರ ಮೇಲೆ. ‘ಫೋಟೋಗ್ರಾಫಿಕ್’ ಎಂದಾಗ ಮೂರನೆಯದರ ಮೇಲೆ. ‘ಟಿ-ಐ-ಓ-ಎನ್’, ‘ಐ-ಸಿ’, ‘ಐ-ಟಿ-ವೈ’ ಇವುಗಳಲ್ಲಿ ಮುಗಿಯುವ ಹೆಚ್ಚಿನ ಪದಗಳಲ್ಲಿ ಒತ್ತು ಅವುಗಳ ತಕ್ಷಣ ಹಿಂದಿನ ಸಿಲಬಲ್ಲಿಗೆ ಬೀಳುತ್ತದೆ ಎಂಬುದೊಂದನ್ನು ಕಲಿಸಿದರೆ ವಿಜ್ಞಾನದ ಪುಸ್ತಕದ ಅನೇಕ ಪದಗಳು ಬಗೆಹರಿಯುತ್ತವೆ. ‘ಬಿಸ್‌ನೆಸ್’, ‘ವೆನ್ಸ್‌ಡೇ’ ಇವು ಬರಹದಲ್ಲಿ ಮೂರಾಗಿ ಕಂಡರೂ ಬಾಯಲ್ಲಿ ಎರಡೇ. ಬರೆಯುವಾಗ ಮೂರಾಗಿಯೇ ಗುನುಗಿಕೊಂಡು ಬರೆದರೆ ಕಾಗುಣಿತ ತಪ್ಪುವುದಿಲ್ಲ.

ಲಕ್ಷಣ: ಓದಲು ಬರುತ್ತದೆ, ಅರ್ಥ ಆಗುವುದಿಲ್ಲ

ಇಲ್ಲಿಂದಾಚೆಗೆ ಸಿಲಬಲ್ ನೆರವಿಗೆ ಬರುವುದಿಲ್ಲ. ಪದವನ್ನು ಅರ್ಥದ ಕೀಲಿನಲ್ಲಿ ಬಿಡಿಸಬೇಕು. ಈ ಎರಡು ಬಗೆಯ ಕತ್ತರಿಸುವಿಕೆ ಒಂದೇ ಕಡೆ ಬೀಳಬೇಕೆಂದಿಲ್ಲ. ‘ಆ್ಯಕ್ಟರ್’ ಪದ ಬಾಯಿಗೆ ‘ಎ-ಸಿ / ಟಿ-ಓ-ಆರ್’, ಅರ್ಥಕ್ಕೆ ‘ಎ-ಸಿ-ಟಿ / ಓ-ಆರ್’. ಮಕ್ಕಳು ಇದನ್ನು ಕೇಳಿ ಗಲಿಬಿಲಿಗೊಂಡರೆ ‘ಊರಲ್ಲಿ’ ಎಂಬ ಪದವನ್ನು ಹಲಗೆಯ ಮೇಲೆ ಬರೆಯಿರಿ. ಅಕ್ಷರದ ಲೆಕ್ಕದಲ್ಲಿ ಅದು ‘ಊ-ರ-ಲ್ಲಿ’, ಅರ್ಥದ ಲೆಕ್ಕದಲ್ಲಿ ‘ಊರು’ ಮತ್ತು ‘ಅಲ್ಲಿ’.

ನಮ್ಮ ವ್ಯಾಕರಣದ ಮೂರು ಸಂಧಿಗಳು ಇಲ್ಲಿ ಅಚ್ಚರಿಯೆನಿಸುವಷ್ಟು ಕೆಲಸಕ್ಕೆ ಬರುತ್ತವೆ. ‘ಊರು’ ಮತ್ತು ‘ಅಲ್ಲಿ’ ಸೇರಿದಾಗ ಉಕಾರ ಬಿದ್ದುಹೋಗುವಂತೆ ‘ಮೇಕ್’ ಮತ್ತು ‘ಇಂಗ್’ ಸೇರಿದಾಗ ಕೊನೆಯ ‘ಇ’ ಬಿದ್ದುಹೋಗುತ್ತದೆ: ಇದು ಲೋಪ. ‘ಮನೆ’ ಮತ್ತು ‘ಅಲ್ಲಿ’ ಸೇರಿದಾಗ ನಡುವೆ ಯಕಾರ ಬರುವಂತೆ ‘ರನ್’ ಮತ್ತು ‘ಇಂಗ್’ ಸೇರಿದಾಗ ಇನ್ನೊಂದು ‘ಎನ್’ ಬರುತ್ತದೆ: ಇದು ಆಗಮ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾಗುವಂತೆ ‘ಹ್ಯಾಪಿ’ ಮತ್ತು ‘ನೆಸ್’ ಸೇರಿದಾಗ ‘ವೈ’ ಹೋಗಿ ‘ಐ’ ಬರುತ್ತದೆ: ಇದು ಆದೇಶ. ಇಂಗ್ಲಿಷಿನಲ್ಲಿ ಇವು ಸಂಧಿಗಳೆಂಬ ಹೆಸರಿನಲ್ಲಿಲ್ಲ, ಕಾಗುಣಿತದ ನಿಯಮಗಳಾಗಿವೆ. ಆದರೂ ಪದ ಬಿಡಿಸುವ ಕೈಗೆ ವ್ಯತ್ಯಾಸವಿಲ್ಲ. ‘ಇನ್’ ಎಂಬ ನಿಷೇಧದ ಉಪಸರ್ಗ ‘ಪಿ’ಯ ಮುಂದೆ ‘ಇಮ್’ ಆಗಿ ‘ಇಂಪಾಸಿಬಲ್’ ಎಂದಾಗುವುದೂ, ಕನ್ನಡದ ಸೊನ್ನೆ ‘ಸಂತೋಷ’ದಲ್ಲಿ ‘ನ್’ ಎಂದೂ ‘ಸಂಪತ್ತು’ವಿನಲ್ಲಿ ‘ಮ್’ ಎಂದೂ ನುಡಿಯುವುದೂ ಒಂದೇ ಕಾರಣಕ್ಕೆ: ಮುಂದಿನ ಪಕಾರಕ್ಕಾಗಿ ತುಟಿ ಮೊದಲೇ ಮುಚ್ಚಿಕೊಳ್ಳುತ್ತದೆ.

ವಿಜ್ಞಾನದ ಪದಗಳಿಗೆ ಬಂದರೆ ಕನ್ನಡ ಮಾಧ್ಯಮದವರ ಕೈಯಲ್ಲಿ ಬೀಗದ ಕೈ ಆಗಲೇ ಇದೆ, ಅದು ಅವರಿಗೆ ತಿಳಿದಿಲ್ಲ. ‘ಫೋಟೋಸಿಂಥೆಸಿಸ್’ ಪದವನ್ನು ನೋಡಿ ಕಂಗೆಡುವ ಹುಡುಗಿ ‘ದ್ಯುತಿಸಂಶ್ಲೇಷಣೆ’ಯನ್ನು ಎರಡು ವರ್ಷ ಓದಿರುತ್ತಾಳೆ. ‘ಫೋಟೋ’ ಎಂದರೆ ಬೆಳಕು, ಅದೇ ದ್ಯುತಿ. ‘ಸಿನ್’ ಎಂದರೆ ಒಟ್ಟಿಗೆ, ಅದೇ ‘ಸಂ’. ‘ಥೆಸಿಸ್’ ಎಂದರೆ ಇಡುವುದು, ಅದರ ಜಾಗದಲ್ಲಿ ಕೂಡಿಸುವುದೆಂಬ ಅರ್ಥದ ಶ್ಲೇಷಣೆ. ‘ಟೆಲಿವಿಷನ್’ ಹೀಗೆಯೇ ‘ದೂರ’ ಮತ್ತು ‘ದರ್ಶನ’, ‘ಮೈಕ್ರೋಸ್ಕೋಪ್’ ಸೂಕ್ಷ್ಮದರ್ಶಕ. ಎರಡೂ ಭಾಷೆಯ ಪದಗಳನ್ನು ಒಂದರ ಕೆಳಗೊಂದು ಬರೆದು ತುಂಡಿಗೆ ತುಂಡು ಗೆರೆ ಜೋಡಿಸುವ ಅಭ್ಯಾಸಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚಿನ ಸಮಯ ಕೊಡುತ್ತೇನೆ. ಇದರಿಂದ ಕಾಗುಣಿತಕ್ಕೂ ಲಾಭವಿದೆ: ‘ಗವರ್ನಮೆಂಟ್’ ಪದದಲ್ಲಿ ‘ಎನ್’ ಬಿಟ್ಟು ಬರೆಯುವವರು ಅದು ‘ಗವರ್ನ್’ ಮತ್ತು ‘ಮೆಂಟ್’ ಎಂದು ಕಂಡ ಮೇಲೆ ಬಿಡುವುದಿಲ್ಲ.

ಎಚ್ಚರಿಕೆ: ಪದಭಾಗ ದಾರಿ ತಪ್ಪಿಸುವ ಜಾಗಗಳು

‘ಫಾದರ್’ ಪದದೊಳಗೆ ‘ಫ್ಯಾಟ್’ ಮತ್ತು ‘ಹರ್’ ಕಂಡರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ವಿರುದ್ಧವಾಗಿ ‘ಶೆಪರ್ಡ್’ ಪದದಲ್ಲಿ ‘ಪಿ’ ಮತ್ತು ‘ಎಚ್’ ಬೇರೆಬೇರೆ, ಏಕೆಂದರೆ ಅದು ಕುರಿ ಮತ್ತು ಕಾಯುವವನು ಸೇರಿ ಆದ ಪದ. ಇವುಗಳಿಂದ ನಗೆ ಬರಬಹುದು, ಹಾನಿಯಿಲ್ಲ. ಹಾನಿಯಾಗುವ ಪದಗಳು ಬೇರೆ ಇವೆ.

ಪೆಟ್ರೋಲ್ ಟ್ಯಾಂಕರುಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ‘ಇನ್’ ಎಂದರೆ ‘ಅಲ್ಲ’ ಎಂದು ಹೊಸದಾಗಿ ಕಲಿತ ಮಗು ಇದನ್ನು ‘ಬೆಂಕಿ ಹತ್ತದ್ದು’ ಎಂದು ಬಿಡಿಸುತ್ತದೆ. ಇಲ್ಲಿ ‘ಇನ್’ ನಿಷೇಧವಲ್ಲ. ‘ಇನ್‌ಫ್ಲೇಮ್’ ಎಂದರೆ ಹೊತ್ತಿಸು, ಹಾಗಾಗಿ ಪದದ ಅರ್ಥ ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದ್ದು. ಔಷಧಿಯ ಚೀಟಿಯಲ್ಲಿ ‘ಹೈಪರ್’ ಎಂದರೆ ಹೆಚ್ಚು, ‘ಹೈಪೋ’ ಎಂದರೆ ಕಡಿಮೆ. ಸಕ್ಕರೆಯ ಅಂಶವಾಗಲಿ ರಕ್ತದೊತ್ತಡವಾಗಲಿ, ಒಂದೆರಡು ಲೆಟರಿನ ವ್ಯತ್ಯಾಸದಲ್ಲಿ ಅರ್ಥ ತಿರುಗಿ ನಿಲ್ಲುತ್ತದೆ. ಔಷಧಿ, ಕೀಟನಾಶಕ, ಪ್ರಯೋಗಾಲಯದ ಸೀಸೆ ಇವುಗಳ ಮೇಲಿನ ಪದವನ್ನು ಬಿಡಿಸಿ ಊಹಿಸಬಾರದು, ತಿಳಿದವರನ್ನು ಕೇಳಬೇಕು ಎಂದು ಮೊದಲ ದಿನವೇ ಹೇಳಿಬಿಡಿ.

ಕಲಿಸುವವರಿಗೂ ಕೆಲವು ಎಚ್ಚರಿಕೆಗಳಿವೆ. ಇಂಗ್ಲಿಷ್ ಪದದ ನೆತ್ತಿಯ ಮೇಲೆ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಡಬೇಡಿ. ಕಣ್ಣು ಅಲ್ಲಿಗೇ ಹೋಗುತ್ತದೆ, ಕೆಳಗಿನ ಲೆಟರುಗಳನ್ನು ನೋಡುವುದೇ ಇಲ್ಲ. ಗೆರೆಗಳನ್ನು ಪೆನ್ಸಿಲಿನಲ್ಲಿ ಹಾಕಿಸಿ, ವಾರ ಕಳೆದ ಮೇಲೆ ಅಳಿಸಿ ಓದಿಸಿ. ದಿನಕ್ಕೆ ಹತ್ತು-ಹದಿನೈದು ನಿಮಿಷ ಮೀರಬೇಡಿ. ತಪ್ಪುತ್ತಿರುವ ಮಗುವನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ಓದಿಸುವುದರಿಂದ ದೋಷ ಪತ್ತೆಯಾಗುವುದಿಲ್ಲ, ಮಗು ಬಾಯಿ ಮುಚ್ಚಿಕೊಳ್ಳುವುದರಿಂದ ಅದು ಮುಚ್ಚಿಹೋಗುತ್ತದೆ.

ಲಕ್ಷಣ: ಎರಡು ನಿಘಂಟುಗಳು ಎರಡು ಬಗೆಯಾಗಿ ಕತ್ತರಿಸಿರುವುದು

ಇದು ದೋಷವೇ ಅಲ್ಲ. ಸಾಲಿನ ಕೊನೆಯಲ್ಲಿ ಪದ ಒಡೆಯುವಾಗ ಅಮೆರಿಕದವರು ಹೆಚ್ಚಾಗಿ ಉಚ್ಚಾರಣೆಯನ್ನೂ ಬ್ರಿಟನ್ನಿನವರು ಹೆಚ್ಚಾಗಿ ಪದದ ಮೂಲವನ್ನೂ ನೋಡುತ್ತಾರೆ. ‘ನಾಲೆಡ್ಜ್’ ಪದ ಒಂದು ಕಡೆ ‘ಎಲ್’ ಆದ ಮೇಲೆ, ಇನ್ನೊಂದು ಕಡೆ ‘ಎಲ್’ಗೆ ಮುಂಚೆ ಒಡೆಯುತ್ತದೆ. ‘ಅಬೌಟ್’ ಪದಕ್ಕೆ ಎರಡು ಸಿಲಬಲ್ ಇದ್ದರೂ ಹಲವು ನಿಘಂಟುಗಳು ಅದನ್ನು ಒಡೆದು ತೋರಿಸುವುದಿಲ್ಲ, ಏಕೆಂದರೆ ಸಾಲಿನ ತುದಿಯಲ್ಲಿ ಒಂಟಿ ಲೆಟರನ್ನು ಬಿಡುವ ಪದ್ಧತಿಯಿಲ್ಲ. ಮಗುವಿನ ಉತ್ತರ ನಿಘಂಟಿಗಿಂತ ಭಿನ್ನವಾಗಿದ್ದು ಓದು ಸರಿಯಾಗಿದ್ದರೆ ಅಂಕ ಕಳೆಯಬೇಡಿ.

ಯಾವಾಗ ನಿಲ್ಲಿಸಿ ತಜ್ಞರಲ್ಲಿಗೆ ಹೋಗಬೇಕು

ಕ್ರಮವಾಗಿ ಎರಡು-ಮೂರು ತಿಂಗಳು ಅಭ್ಯಾಸ ಮಾಡಿಸಿದ ಮೇಲೂ ಬದಲಾವಣೆ ಕಾಣದಿದ್ದರೆ, ಕನ್ನಡದ ಓದಿನಲ್ಲಿಯೂ ಒತ್ತಕ್ಷರ, ಗುಣಿತಗಳು ನಿಲ್ಲದಿದ್ದರೆ, ನಿನ್ನೆ ಓದಿದ ಪದ ಇಂದು ಹೊಸದಾಗಿ ಕಂಡರೆ, ಬಾಯಿಮಾತಿನಲ್ಲಿ ಚುರುಕಾಗಿರುವ ಮಗು ಬರಹದೆದುರು ಮಾತ್ರ ಕುಸಿದರೆ, ಅಥವಾ ಓದಿನ ಹೊತ್ತಿಗೆ ಹೊಟ್ಟೆನೋವು, ತಲೆನೋವು ಎನ್ನತೊಡಗಿದರೆ ಮನೆಯ ಪ್ರಯೋಗಗಳನ್ನು ಅಲ್ಲಿಗೇ ನಿಲ್ಲಿಸಬೇಕು. ಕಣ್ಣು ಮತ್ತು ಕಿವಿಯ ತಪಾಸಣೆ ಮೊದಲು. ಅವು ಸರಿಯಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದಕ್ಕೆ ತಜ್ಞರಿದ್ದಾರೆ. ನಿರ್ದಿಷ್ಟ ಕಲಿಕಾ ನ್ಯೂನತೆಯು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸೇರಿದೆ. ಆದ್ದರಿಂದ ಪರೀಕ್ಷೆ ಮಾಡಿಸಲು ಹಿಂಜರಿಯುವ ಅಗತ್ಯವಿಲ್ಲ.

ಹೋಗುವಾಗ ಮಗುವಿನ ಕನ್ನಡ ಮತ್ತು ಇಂಗ್ಲಿಷ್ ನೋಟುಪುಸ್ತಕಗಳೆರಡನ್ನೂ, ತಿದ್ದುಪಡಿಗಳ ಸಮೇತ, ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಪದವನ್ನು ಮಗು ಎಲ್ಲಿ ಕತ್ತರಿಸಿ ಹೇಗೆ ಓದಿತು ಎಂದು ದಿನಾಂಕ ಹಾಕಿ ಬರೆದಿಟ್ಟ ಒಂದು ಪುಟವಿದ್ದರೆ ಅದನ್ನೂ ಕೊಡಿ. ‘ಓದುವುದಿಲ್ಲ’ ಎಂಬ ದೂರಿಗಿಂತ ಆ ಪುಟ ಪರೀಕ್ಷಿಸುವವರಿಗೆ ಹೆಚ್ಚು ಹೇಳುತ್ತದೆ.